ನೆರಳು ಓಡಿಸಲು ಇನ್ನೊಂದು ಲೈಟ್ ಬೇಡ, ಸ್ಟೂಲ್ ಮುಂದೆ ತನ್ನಿ

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ರೂಮು 8 ಅಡಿ ಅಗಲ, 12 ಅಡಿ ಉದ್ದ. ಬಿಳಿ ಪರದೆಗೆ ಹತ್ತಿಕೊಂಡೇ ಸ್ಟೂಲ್ ಹಾಕಿದ್ದೇನೆ. ಎಡಕ್ಕೊಂದು, ಬಲಕ್ಕೊಂದು ಬಿಳಿ ಬಟ್ಟೆ ಮುಚ್ಚಿದ ಲೈಟಿನ ಪೆಟ್ಟಿಗೆ, ಅಂದರೆ ಸಾಫ್ಟ್‌ಬಾಕ್ಸ್ ಇದೆ. ಆದರೂ ತಲೆಯ ಎರಡೂ ಬದಿಗೆ ಪರದೆ ಮೇಲೆ ನೆರಳು ಬೀಳುತ್ತದೆ. ಅಮೆರಿಕದ ವೀಸಾಕ್ಕೆ ತೆಗೆದುಕೊಟ್ಟ ಫೋಟೊ ಇದೇ ಕಾರಣಕ್ಕೆ ವಾಪಸ್ ಬಂತು. ಮೂರನೇ ಲೈಟ್ ಕೊಂಡರೆ ಸರಿಹೋಗುತ್ತಾ ಸರ್?

ಉತ್ತರ: ಈಗಲೇ ದುಡ್ಡು ಹಾಕಬೇಡಿ. ಎರಡು ಲೈಟ್ ಮುಂದೆ ಇವೆ, ಅದಕ್ಕೇ ಎರಡು ನೆರಳು. ಮೂರನೆಯದನ್ನೂ ಮುಂದೆಯೇ ನಿಲ್ಲಿಸಿದರೆ ಮೂರನೇ ನೆರಳು ಬರುತ್ತದೆ. ಒಂದು ಲೈಟಿನ ನೆರಳನ್ನು ಇನ್ನೊಂದು ಲೈಟು ಸ್ವಲ್ಪ ತಿಳಿ ಮಾಡಬಹುದು, ಪೂರ್ತಿ ಅಳಿಸಲಾರದು. ಜೊತೆಗೆ ತನ್ನದೂ ಒಂದನ್ನು ಬೀಳಿಸುತ್ತದೆ. ನಂಬಿಕೆ ಬರದಿದ್ದರೆ ಬಲಗಡೆಯ ಲೈಟ್ ಆರಿಸಿ ಒಂದು ಫೋಟೊ ತೆಗೆಯಿರಿ, ಆಮೇಲೆ ಎಡಗಡೆಯದನ್ನು ಆರಿಸಿ ಇನ್ನೊಂದು. ಯಾವ ನೆರಳು ಯಾರದು ಅಂತ ಗೊತ್ತಾಗುತ್ತದೆ.

ನಿಮ್ಮ ತೊಂದರೆಯ ಬೇರು ಇರುವುದು ಆ ಸ್ಟೂಲಿನಲ್ಲಿ. ಅದನ್ನು ಪರದೆಯಿಂದ 5 ಅಡಿ ಮುಂದಕ್ಕೆ ತನ್ನಿ. 12 ಅಡಿ ಉದ್ದದ ರೂಮಿನಲ್ಲಿ ಇನ್ನೂ 7 ಅಡಿ ಉಳಿಯುತ್ತದೆ. ತಲೆ ಮತ್ತು ಭುಜ ಬರುವ ಫೋಟೊಕ್ಕೆ 50 ಎಂಎಂ ಲೆನ್ಸ್ ಹಿಡಿದು ನಿಲ್ಲಲು ಅಷ್ಟು ಜಾಗ ಸಾಕು.

ಇನ್ನು ಲೈಟಿನ ಎತ್ತರ. ತುಂಬಾ ಸ್ಟುಡಿಯೊಗಳಲ್ಲಿ ಸಾಫ್ಟ್‌ಬಾಕ್ಸ್ ಮುಖದ ಮಟ್ಟಕ್ಕೇ ಇರುತ್ತದೆ. ಹಾಗಿದ್ದರೆ ನೆರಳು ನೇರವಾಗಿ ಹಿಂದಕ್ಕೆ ಹೋಗಿ ಮುಖದ ಮಟ್ಟಕ್ಕೇ ಪರದೆಗೆ ಬಡಿಯುತ್ತದೆ. ಲೈಟನ್ನು ಮೇಲೆ ಏರಿಸಿದರೆ ನೆರಳು ಕೆಳಗಿಳಿಯುತ್ತದೆ. ಲೆಕ್ಕ ಸುಲಭ. ಬೆಳಕು 45 ಡಿಗ್ರಿ ಇಳಿಜಾರಿನಲ್ಲಿ ಬಂದರೆ, ಪರದೆ ಎಷ್ಟು ಅಡಿ ಹಿಂದಿದೆಯೋ ನೆರಳು ಅಷ್ಟೇ ಅಡಿ ಕೆಳಗೆ ಬೀಳುತ್ತದೆ. ಕೂತವರ ತಲೆ ನೆಲದಿಂದ ಸುಮಾರು 4 ಅಡಿ ಮೇಲಿರುತ್ತದೆ. ಪರದೆ 5 ಅಡಿ ಹಿಂದಿದ್ದರೆ ಆ ನೆರಳು ಪರದೆ ಮುಟ್ಟುವ ಮೊದಲೇ ನೆಲಕ್ಕೆ ಬಿದ್ದುಹೋಗುತ್ತದೆ! ನಿಂತವರದ್ದು ಪರದೆಯ ತಳಭಾಗಕ್ಕೆ ಬೀಳಬಹುದು. ಸೊಂಟದವರೆಗಿನ ಫೋಟೊದಲ್ಲಿ ಅದು ಕಾಣುವುದಿಲ್ಲ.

ಹಾಗಾಗಿ ಒಂದೇ ಒಂದು ಸಾಫ್ಟ್‌ಬಾಕ್ಸನ್ನು ಮುಖದಿಂದ 3 ಅಡಿ ಮುಂದೆ, ಸ್ವಲ್ಪ ಪಕ್ಕಕ್ಕೆ, ನೆಲದಿಂದ 7 ಅಡಿ ಎತ್ತರಕ್ಕೆ ನಿಲ್ಲಿಸಿ ಕೆಳಕ್ಕೆ ಬಾಗಿಸಿ. ಫ್ಯಾನ್ ಹತ್ತಿರ ಇದ್ದರೆ ಮೊದಲು ಆಫ್ ಮಾಡಿ. ಮೇಲಿನಿಂದ ಬಂದ ಬೆಳಕಿಗೆ ಕಣ್ಣಿನ ಗುಳಿ, ಗದ್ದದ ಕೆಳಭಾಗ ಕಪ್ಪಾಗುತ್ತವೆ. ಅದಕ್ಕೆ ಗಿರಾಕಿಯ ತೊಡೆ ಮೇಲೆ ಒಂದು ಬಿಳಿ ಥರ್ಮಾಕೋಲ್ ಶೀಟ್ ಇಡಿ. ಕೆಳಗಿನಿಂದ ಬೆಳಕು ಚಿಮ್ಮಿ ಮುಖ ತಿಳಿಯಾಗುತ್ತದೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ವಿಷಯ ಒಂದಿದೆ. ನೆರಳು ಜಾಸ್ತಿ ಅನ್ನಿಸಿದಾಗ ಲೈಟನ್ನು ದೂರ ತಳ್ಳುತ್ತಾರೆ. ಆಗುವುದು ಉಲ್ಟಾ. ದೂರ ಹೋದಷ್ಟೂ ಸಾಫ್ಟ್‌ಬಾಕ್ಸ್ ಮುಖದ ಲೆಕ್ಕಕ್ಕೆ ಚಿಕ್ಕದಾಗುತ್ತದೆ, ನೆರಳಿನ ಅಂಚು ಗಡುಸಾಗುತ್ತದೆ. 3 ಅಡಿ ದೂರದಲ್ಲಿರುವ 2 ಅಡಿಯ ಸಾಫ್ಟ್‌ಬಾಕ್ಸ್ ಕೊಡುವ ಮೃದು ಬೆಳಕನ್ನು 10 ಅಡಿ ದೂರದ 4 ಅಡಿಯದ್ದು ಕೊಡುವುದಿಲ್ಲ.

ಇಷ್ಟು ಮಾಡಿದ ಮೇಲೆ ನೆರಳು ಹೋಗುತ್ತದೆ, ಆದರೆ ಬಿಳಿ ಪರದೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಓರೆಯಾಗಿ ಅಳೆದರೆ ಲೈಟಿನಿಂದ ಮುಖಕ್ಕೆ ಸುಮಾರು 4 ಅಡಿ, ಪರದೆಗೆ 8 ಅಡಿ ಚಿಲ್ಲರೆ ಆಯಿತಲ್ವಾ, ಅಂದರೆ ಪರದೆ ಎರಡು ಸ್ಟಾಪ್ ಕಪ್ಪು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡು ಪಟ್ಟು). ನಿಮ್ಮ ಎರಡನೇ ಲೈಟಿಗೆ ಈಗ ಕೆಲಸ ಸಿಕ್ಕಿತು. ಅದನ್ನು ಸ್ಟೂಲಿನ ಹಿಂದೆ, ಗಿರಾಕಿಯ ಬೆನ್ನಿಗೆ ಮರೆಯಾಗುವಂತೆ ಕೆಳಗಿಟ್ಟು ಪರದೆ ಕಡೆ ತಿರುಗಿಸಿ. ಪಕ್ಕದಿಂದ ಹೊಡೆಯುವುದಾದರೆ ಲೈಟಿಗೂ ಗಿರಾಕಿಗೂ ನಡುವೆ ಕಪ್ಪು ರಟ್ಟು ನಿಲ್ಲಿಸಿ, ಇಲ್ಲದಿದ್ದರೆ ಕಿವಿ ಹೊಳೆಯುತ್ತದೆ. ಪರದೆ ಮುಖಕ್ಕಿಂತ ಒಂದು ಸ್ಟಾಪ್ ಜಾಸ್ತಿ ಇದ್ದರೆ ಸಾಕು. ಅದಕ್ಕೂ ಮೀರಿದರೆ ಕೂದಲಿನ ಅಂಚು ಬಿಳಿಯಲ್ಲಿ ಕರಗಿಹೋಗುತ್ತದೆ.

ಕಂಪ್ಯೂಟರಿನಲ್ಲಿ ನೆರಳು ಅಳಿಸಿ ಕೊಡುವ ದಾರಿ ವೀಸಾ ಫೋಟೊಕ್ಕೆ ಖಂಡಿತ ಬೇಡ. ಅಮೆರಿಕದ ನಿಯಮದಂತೆ ಹಿನ್ನೆಲೆ ಬಿಳಿ ಅಥವಾ ಬಿಳಿಗೆ ಹತ್ತಿರದ ಬಣ್ಣ ಇರಬೇಕು, ತಿದ್ದಿದ ಫೋಟೊ ನಡೆಯುವುದಿಲ್ಲ. ಗಿರಾಕಿಯ ಪ್ರಯಾಣ ನಿಮ್ಮ ಫೋಟೊಕ್ಕೆ ಕಾದು ನಿಲ್ಲುವಂತಾಗಬಾರದು. ಕ್ಯಾಮೆರಾದಲ್ಲೇ ಸರಿ ಬರಲಿ.

ಪ್ರಶ್ನೆ: ವಿಜಯಪುರದ ಸುತ್ತಮುತ್ತಲ ಹಳ್ಳಿಗಳಲ್ಲಿ ನಿಶ್ಚಯ, ಕುಪ್ಪಸದ (ಸೀಮಂತದ) ಫೋಟೊ ತೆಗೆಯುತ್ತೇನೆ. ಕ್ಯಾಮೆರಾ ಅಡ್ಡ ಹಿಡಿದರೆ ಪರವಾಗಿಲ್ಲ, ಉದ್ದಕ್ಕೆ ತಿರುಗಿಸಿದ ಕೂಡಲೇ ಒಂದು ಬದಿಗೆ ಕಪ್ಪು ನೆರಳು ಅಂಟಿಕೊಳ್ಳುತ್ತದೆ. ಯಾಕೆ?

ಉತ್ತರ: ಕ್ಯಾಮೆರಾ ಉದ್ದಕ್ಕೆ ತಿರುಗಿದಾಗ ತಲೆ ಮೇಲಿದ್ದ ಫ್ಲ್ಯಾಶ್ ಲೆನ್ಸಿನ ಪಕ್ಕಕ್ಕೆ ಬಂತು. ಮೊದಲು ಬೆನ್ನ ಹಿಂದೆ ಅಡಗುತ್ತಿದ್ದ ನೆರಳು ಈಗ ಪಕ್ಕದ ಗೋಡೆಗೆ ಜಾರಿತು. ಅಷ್ಟೇ ಕಾರಣ.

ಛಾವಣಿಗೆ ಫ್ಲ್ಯಾಶ್ ಹೊಡೆದು ಬೆಳಕು ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಬಿಳಿ ಆರ್‌ಸಿಸಿ ಛಾವಣಿ ಇದ್ದರೆ ಅದು ಒಳ್ಳೆಯ ದಾರಿಯೇ. ಆದರೆ ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ಮೇಲೆ ಇರುವುದು ಹೊಗೆ ಹಿಡಿದ ತೊಲೆ, ಜಂತಿ. ಅವು ಬೆಳಕು ನುಂಗಿಬಿಡುತ್ತವೆ. ನೀಲಿ, ಹಸಿರು ಗೋಡೆಗೆ ಹೊಡೆದರೆ ವಧುವಿನ ಮುಖಕ್ಕೂ ಅದೇ ಬಣ್ಣ ಬರುತ್ತದೆ. ಅಂಥ ಮನೆಯಲ್ಲಿ ಒಂದು ಬಿಳಿ ಧೋತರವನ್ನು ಇಬ್ಬರಿಂದ ಎತ್ತರಕ್ಕೆ ಹಿಡಿಸಿ, ಫ್ಲ್ಯಾಶ್ ಅದಕ್ಕೆ ಹೊಡೆಯಿರಿ. ಪಡಸಾಲೆಯಲ್ಲಿ ಹಿಡಿಯುವ ಕೈಗಳಿಗೆ ಬರ ಇರುವುದಿಲ್ಲ. ದೂರದಿಂದಲೇ ಫ್ಲ್ಯಾಶ್ ಹೊಡೆಸುವ ಟ್ರಿಗರ್ ಇದ್ದರೆ ಫ್ಲ್ಯಾಶನ್ನೇ ಕ್ಯಾಮೆರಾದಿಂದ ತೆಗೆದು ಹುಡುಗನ ಕೈಗೆ ಕೊಟ್ಟು ಮೇಲೆ ಎತ್ತಿಸಿ.

ಏನೂ ಇಲ್ಲದಿದ್ದರೆ, ವಧು ಯಾವ ಕಡೆ ಮುಖ ತಿರುಗಿಸಿದ್ದಾಳೋ ಆ ಕಡೆಗೆ ಫ್ಲ್ಯಾಶ್ ಬರುವಂತೆ ಕ್ಯಾಮೆರಾ ತಿರುಗಿಸಿ. ನೆರಳು ತಲೆಯ ಹಿಂಬದಿಗೆ ಸರಿಯುತ್ತದೆ, ಮುಖದ ಮುಂದಿನ ಗೋಡೆ ಸ್ವಚ್ಛ ಉಳಿಯುತ್ತದೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 1600ಕ್ಕೆ ಏರಿಸಿ, ಶಟರ್ 1/60 ಸೆಕೆಂಡಿಗೆ ಇಳಿಸಿದರೆ ಮನೆಯ ಬೆಳಕೂ ಸೇರಿ ನೆರಳಿನ ಕಪ್ಪು ಕಡಿಮೆಯಾಗುತ್ತದೆ.

ಪ್ರಶ್ನೆ: ನಾವು ಬೆಳಗಾವಿಯವರು. ಅವ್ವನಿಗೆ ಇಳಕಲ್ ಸೀರೆ ಉಡಿಸಿ ಮೊಬೈಲಿನಲ್ಲಿ ಫೋಟೊ ತೆಗೆದೆ. ಗೋಡೆ ಮೇಲೆ ದೊಡ್ಡ ನೆರಳು. ಲೈಟ್ ಗೀಟ್ ಏನೂ ಇಲ್ಲ.

ಉತ್ತರ: ಮೊಬೈಲಿನ ಫ್ಲ್ಯಾಶ್ ಆಫ್ ಮಾಡಿ. ಆ ಸಣ್ಣ ಚುಕ್ಕೆಯಿಂದ ಬರುವ ಬೆಳಕು ಗಡುಸು ನೆರಳನ್ನೇ ಕೊಡುತ್ತದೆ. ಅವ್ವನನ್ನು ಗೋಡೆಯಿಂದ ಬಿಡಿಸಿ, ತೆರೆದ ಬಾಗಿಲಿನ ಒಳಗೆ ಎರಡು ಹೆಜ್ಜೆ ಹಿಂದೆ, ಹೊರಗೆ ಮುಖ ಮಾಡಿ ಕೂರಿಸಿ. ಬಿಸಿಲು ನೇರ ಬೀಳಬಾರದು. ಬೆಳಗಾವಿಯ ಮಳೆಗಾಲದ ಮೋಡದ ಬೆಳಕು ಇದಕ್ಕೆ ಹೇಳಿ ಮಾಡಿಸಿದಂತಿದೆ, ಇಡೀ ಆಕಾಶದಿಂದ ಬರುವ ಬೆಳಕಿಗೆ ನೆರಳಿನ ಗೆರೆಯೇ ಮೂಡುವುದಿಲ್ಲ. ಹಿಂದೆ ಒಳಮನೆಯ ಕತ್ತಲು ಇರಲಿ. ಕೆಂಪು ಸೆರಗನ್ನು ಭುಜದಿಂದ ಮುಂದೆ ಹೊದಿಸಿ ಬಾಗಿಲಿನ ಬೆಳಕಿಗೆ ತನ್ನಿ. ಸ್ಕ್ರೀನಿನಲ್ಲಿ ಅವ್ವನ ಮುಖದ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿ, ಆಮೇಲೆ ಕ್ಲಿಕ್ ಮಾಡಿ. ಕತ್ತಲು ಜಾಸ್ತಿ ಅಂತ ಮೊಬೈಲ್ ತಾನೇ ಫ್ಲ್ಯಾಶ್ ಹೊಡೆಯದಂತೆ ಆಟೋ ತೆಗೆದಿಡುವುದನ್ನು ಮರೆಯಬೇಡಿ.