ಹಾಜರಿ ಪುಸ್ತಕದಲ್ಲಿ ಇದ್ದವರೆಲ್ಲ ನಿಮ್ಮವರೇ

ಹೈಸ್ಕೂಲ್ ಜೊತೆಗಾರರನ್ನು ಹುಡುಕುವ ಬಗ್ಗೆ ಈ ಸಲ ಬಂದ ಕಾಗದಗಳೇ ಜಾಸ್ತಿ. ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಿಯಾದವಳು ನಾನು. ಈ ವಿಷಯ ಅಂದರೆ ನನಗೂ ಮಾತು ಉದ್ದವಾಗುತ್ತೆ. ಹಾಗಾಗಿ ಉಳಿದ ಪ್ರಶ್ನೆಗಳು ಮುಂದಿನ ಸಂಚಿಕೆಗೆ ಇರಲಿ.

ಪ್ರಶ್ನೆ: ಮೇಡಂ, ನಾವು ಹೈಸ್ಕೂಲ್ ಮುಗಿಸಿ 35 ವರ್ಷ ಆಯಿತು. ಎಲ್ಲರನ್ನೂ ಒಂದು ಕಡೆ ಸೇರಿಸಬೇಕು ಅಂತ ನಾಲ್ವರು ಹೊರಟಿದ್ದೇವೆ. 18 ಜನ ಸಿಕ್ಕಿದ್ದಾರೆ. ಆದರೆ ತರಗತಿಯಲ್ಲಿ ಒಟ್ಟು ಎಷ್ಟು ಜನ ಇದ್ದೆವು ಅನ್ನೋದೇ ಜಗಳ. ಒಬ್ಬ 40 ಅಂತಾನೆ, ಇನ್ನೊಬ್ಬಳು 55 ಅಂತಾಳೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಮೊದಲು ಫೋನ್ ಕೆಳಗಿಡಿ. ಪಟ್ಟಿ ಆಗಲಿ, ನಂಬರು ಆಮೇಲೆ.

ಈಗ ನೀವು ಹುಡುಕುತ್ತಿರುವುದು ನಿಮ್ಮ ಸ್ನೇಹಿತರನ್ನು. ತರಗತಿಯನ್ನು ಹುಡುಕೋದು ಬೇರೆಯೇ ಕೆಲಸ. ನಾಲ್ವರು ಕೂತು ನೆನಪು ಮಾಡಿಕೊಂಡರೆ ಯಾರ ಹೆಸರು ಬರುತ್ತೆ ಹೇಳಿ? ನಿಮ್ಮ ಬೆಂಚಿನವರು, ಫಸ್ಟ್ ಬರುತ್ತಿದ್ದವರು, ದಿನಾ ಏಟು ತಿನ್ನುತ್ತಿದ್ದವರು, ಚೆನ್ನಾಗಿ ಹಾಡುತ್ತಿದ್ದವರು. ಗೋಡೆ ಪಕ್ಕ ಕೂತು, ಕರೆದಾಗ ಎದ್ದು ನಿಂತು, ಮತ್ತೆ ಕೂತವರು ಯಾರ ಬಾಯಲ್ಲೂ ಬರಲ್ಲ. ನಿಮ್ಮಿಬ್ಬರ ಲೆಕ್ಕದ ನಡುವೆ ಬಿಟ್ಟುಹೋದ ಆ 15 ಜನ ಬಹುಶಃ ಅವರೇ.

ಶಾಲೆಗೆ ಹೋಗಿ ಎರಡು ಪುಸ್ತಕ ಕೇಳಿ. ಒಂದು ಹಾಜರಿ ಪುಸ್ತಕ, ಇನ್ನೊಂದು ಅಡ್ಮಿಷನ್ ರಿಜಿಸ್ಟರ್. ಅಷ್ಟು ಹಳೆಯ ಹಾಜರಿ ಪುಸ್ತಕ ಸಿಕ್ಕರೆ ನಿಮ್ಮ ಅದೃಷ್ಟ. ಗೆದ್ದಲು, ಮಳೆ, ಜಾಗ ಸಾಲದ ಬೀರು, ಇವೆಲ್ಲ ಅದಕ್ಕೆ ಶತ್ರುಗಳು. ಅಡ್ಮಿಷನ್ ರಿಜಿಸ್ಟರ್ ಮಾತ್ರ ಸಾಮಾನ್ಯವಾಗಿ ಜೋಪಾನವಾಗಿರುತ್ತೆ. ಹುಟ್ಟಿದ ದಿನಾಂಕಕ್ಕೆ ಅಂತ ಜನ ಅರವತ್ತು ವರ್ಷವಾದರೂ ಬಂದು ಕೇಳುತ್ತಾರಲ್ಲ, ಅದಕ್ಕೆ.

ಹಾಜರಿ ಪುಸ್ತಕ ಸಿಕ್ಕರೆ ಹೀಗೆ ಮಾಡಿ. ಆ ವರ್ಷದ ಮೊದಲ ತಿಂಗಳ ಪುಟ ಮತ್ತು ಕೊನೆಯ ತಿಂಗಳ ಪುಟ ಎರಡನ್ನೂ ತೆಗೆದು ಪಕ್ಕಪಕ್ಕ ಓದಿ. ಮೊದಲ ಪುಟದಲ್ಲಿದ್ದ ಕೆಲವು ಹೆಸರು ಕೊನೆಯದರಲ್ಲಿ ಇರಲ್ಲ. ನಡುವಿನ ಯಾವುದೋ ತಿಂಗಳಲ್ಲಿ ಒಂದು ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ, ಆಮೇಲೆ ಹೆಸರಿನ ಮೇಲೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ, ಪಕ್ಕದಲ್ಲಿ ಮೇಷ್ಟ್ರ ಚಿಕ್ಕ ಸಹಿ. ಮುಂದಿನ ತಿಂಗಳು ಅದರ ಕೆಳಗಿನವರ ನಂಬರೆಲ್ಲ ಒಂದೊಂದು ಮೇಲಕ್ಕೆ ಬಂದಿರುತ್ತೆ, ಆ ಜಾಗ ಯಾವತ್ತೂ ಇರಲೇ ಇಲ್ಲ ಅನ್ನೋ ಹಾಗೆ. ಆ ಕೆಂಪು ಗೆರೆಯವರನ್ನೂ ಪಟ್ಟಿಗೆ ಬರೆದುಕೊಳ್ಳಿ. ನನ್ನ ಪ್ರಕಾರ ಅವರನ್ನೇ ಮೊದಲು ಬರೆದುಕೊಳ್ಳಬೇಕು.

ಆಫೀಸಿಗೆ ಬರಿಗೈಯಲ್ಲಿ ಹೋಗಬೇಡಿ. ಯಾವ ವರ್ಷ, ಯಾವ ಸೆಕ್ಷನ್, ನೀವು ಯಾರು, ಪಟ್ಟಿ ಯಾಕೆ ಬೇಕು ಅಂತ ಒಂದು ಅರ್ಜಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿ. ಹೆಸರು ಮಾತ್ರ ಕೇಳಿ. ವಿಳಾಸ, ತಂದೆಯ ಕೆಲಸ, ಇಂಥವೆಲ್ಲ ಬೇರೆಯವರ ಮನೆ ವಿಷಯ. ಕೇಳಿದರೆ ಕೊಡದೇ ಇರೋದೇ ಸರಿ. ಪರೀಕ್ಷೆ ಸಮಯದಲ್ಲೂ ಅಡ್ಮಿಷನ್ ಸಮಯದಲ್ಲೂ ಆ ಕಡೆ ತಲೆ ಹಾಕಬೇಡಿ. ಪುಸ್ತಕ ಮನೆಗೆ ಕೊಡಿ ಅಂತ ಅಂತೂ ಕೇಳಲೇಬೇಡಿ. ಕೊಟ್ಟರೂ ತಗೋಬೇಡಿ.

ಪ್ರಶ್ನೆ: ಮುಖ ಕಣ್ಣ ಮುಂದೆ ಇದೆ, ಹೆಸರು ಬರಲ್ಲ. ವಯಸ್ಸಿನ ತೊಂದರೆಯಾ? ನನಗೆ ಈಗ 58.

ಉತ್ತರ: ಹೆದರಬೇಡಿ, ಇದು ಎಲ್ಲರ ಪಾಡು. 1975ರಲ್ಲಿ ಹ್ಯಾರಿ ಬಹ್ರಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಹೈಸ್ಕೂಲ್ ಮುಗಿಸಿದ 392 ಜನರನ್ನು ಕೂರಿಸಿ, ಅವರವರ ಶಾಲೆಯ ಹಳೆಯ ಫೋಟೋ ಪುಸ್ತಕ ಇಟ್ಟುಕೊಂಡು ಕೇಳಿದರು. ಶಾಲೆ ಬಿಟ್ಟು 15 ವರ್ಷದೊಳಗಿನವರು ತೋರಿಸಿದ ಮುಖ, ಹೆಸರುಗಳಲ್ಲಿ ಶೇಕಡ 90ರಷ್ಟನ್ನು ಗುರುತು ಹಿಡಿದರು. 48 ವರ್ಷ ಆದವರೂ ಮುಖಗಳಲ್ಲಿ ಸುಮಾರು ಶೇಕಡ 70ರಷ್ಟು ಗುರುತಿಸಿದರು. ಆದರೆ ಏನೂ ತೋರಿಸದೆ, ‘ನಿಮ್ಮ ಜೊತೆಗಾರರ ಹೆಸರು ಹೇಳಿ’ ಅಂದಾಗ 48 ವರ್ಷ ಆದವರಿಗೆ ಬಂದದ್ದು ಶೇಕಡ 30ರಷ್ಟು ಮಾತ್ರ.

ಅಂದರೆ ಹೆಸರು ಒಳಗಡೆ ಎಲ್ಲೋ ಇದೆ, ಕರೆದರೆ ಬರಲ್ಲ, ತೋರಿಸಿದರೆ ಬರುತ್ತೆ. ಹಾಗಾಗಿ ‘ಯಾರ್ಯಾರು ನೆನಪಿದ್ದಾರೆ?’ ಅಂತ ಯಾರನ್ನೂ ಕೇಳಬೇಡಿ. ಪಟ್ಟಿ ಕೈಗೆ ಕೊಟ್ಟು, ‘ಇವರಲ್ಲಿ ಯಾರು ಗೊತ್ತು?’ ಅನ್ನಿ. ಫಲ ಎಷ್ಟು ಬೇರೆ ಅಂತ ನೀವೇ ನೋಡುತ್ತೀರಿ.

ಪಟ್ಟಿ ಸಿಗಲೇ ಇಲ್ಲ ಅಂದರೆ ಜಾಗದಿಂದ ಶುರು ಮಾಡಿ. ಬಾಗಿಲ ಪಕ್ಕ ಯಾರು, ಕಿಟಕಿ ಪಕ್ಕ ಯಾರು, ಆಟಕ್ಕೆ ಯಾರು, ನಾಟಕಕ್ಕೆ ಯಾರು, ಸೈಕಲ್ ಯಾರ ಹತ್ತಿರ ಇತ್ತು. ವಿಲಿಯಮ್ಸ್ ಮತ್ತು ಹಾಲನ್ ಎಂಬಿಬ್ಬರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರನ್ನು ಮತ್ತೆ ಮತ್ತೆ ಕೂರಿಸಿ ಹೈಸ್ಕೂಲ್ ಜೊತೆಗಾರರ ಹೆಸರು ಹೇಳಿಸಿದ್ದರು. ಅವರೆಲ್ಲ ಹಿಡಿದ ದಾರಿ ಇದೇ. ಎಷ್ಟೋ ಗಂಟೆ ಆದಮೇಲೂ ಹೊಸ ಹೆಸರು ಬರುತ್ತಲೇ ಇತ್ತಂತೆ. ತರಗತಿಯಲ್ಲಿ ಇಲ್ಲದವರ ಹೆಸರೂ ನಡುವೆ ನುಗ್ಗಿತಂತೆ, ಅದೊಂದು ಎಚ್ಚರ ಇರಲಿ. ಒಂದೇ ದಿನದಲ್ಲಿ ಮುಗಿಸೋಣ ಅಂತ ಹೊರಡಬೇಡಿ.

ಪ್ರಶ್ನೆ: ನಮ್ಮ ತರಗತಿಯ ಹೆಣ್ಣುಮಕ್ಕಳು ಒಬ್ಬರೂ ಸಿಗುತ್ತಿಲ್ಲ. ಮದುವೆಯಾಗಿ ಹೆಸರು ಬದಲಾಗಿದೆ, ಊರೂ ಬದಲಾಗಿದೆ. ಫೇಸ್‌ಬುಕ್‌ನಲ್ಲಿ ಹುಡುಕಿ ಸಾಕಾಯಿತು.

ಉತ್ತರ: ಅವರನ್ನು ಬಿಡಿ, ಅವರ ತಮ್ಮಂದಿರನ್ನು ಹುಡುಕಿ. ಅಡ್ಮಿಷನ್ ರಿಜಿಸ್ಟರಿನಲ್ಲಿ ಅಕ್ಕ ತಮ್ಮ ಒಂದೇ ದಿನ ಸೇರಿದ್ದರೆ ಇಬ್ಬರ ಹೆಸರೂ ಒಂದರ ಕೆಳಗೆ ಒಂದು ಇರುತ್ತೆ, ತಂದೆಯ ಹೆಸರು ಒಂದೇ. ಆ ಪುಟ ನೀವೇ ತಿರುವಬೇಡಿ. ‘ಈಕೆಗೆ ಇದೇ ಶಾಲೆಯಲ್ಲಿ ಅಣ್ಣ ತಮ್ಮ ಇದ್ದರಾ?’ ಅಂತ ಗುಮಾಸ್ತರನ್ನು ಕೇಳಿದರೆ ನೋಡಿ ಹೇಳುತ್ತಾರೆ. ನಿಮಗಿಂತ ಎರಡು ವರ್ಷ ಕೆಳಗಿನ ಬ್ಯಾಚಿನವರೂ ಇದೇ ಥರ ಗುಂಪು ಮಾಡಿಕೊಂಡಿರುತ್ತಾರೆ. ಅಲ್ಲಿ ವಿಚಾರಿಸಿ.

ಇನ್ನೊಂದು. ನಂಬರು ಸಿಕ್ಕ ತಕ್ಷಣ ಗಂಡಸರು ಫೋನ್ ಮಾಡಬೇಡಿ. ಮೂವತ್ತು ವರ್ಷ ಆದಮೇಲೆ ಗುರುತಿಲ್ಲದ ಗಂಡು ದನಿ ‘ನಾನ್ಯಾರು ಹೇಳು ನೋಡೋಣ’ ಅಂದರೆ ಯಾರಿಗಾದರೂ ಕಿರಿಕಿರಿಯೇ. ತರಗತಿಯ ಇನ್ನೊಬ್ಬ ಹೆಣ್ಣುಮಗಳಿಂದ ಮೆಸೇಜ್ ಹೋಗಲಿ. ಅದರಲ್ಲಿ ಶಾಲೆ, ವರ್ಷ, ತನ್ನ ಆಗಿನ ಹೆಸರು, ಮೂರೂ ಇರಲಿ.

ಪ್ರಶ್ನೆ: ‘ಗೊತ್ತಿದ್ದವರು ತಿಳಿಸಿ, ಎಲ್ಲಾ ಗುಂಪಿಗೂ ಕಳಿಸಿ’ ಅಂತ ಹಾಕಿದ್ದೆ. ನೂರಾರು ಜನ ನೋಡಿದರು. ಒಂದೂ ಉತ್ತರ ಬರಲಿಲ್ಲ.

ಉತ್ತರ: ಎಲ್ಲರಿಗೂ ಹೇಳಿದ ಕೆಲಸ ಯಾರಿಗೂ ಹೇಳಿದ ಹಾಗಲ್ಲ. ಆರು ಜನರ ಮೂಲಕ ಜಗತ್ತಿನ ಯಾರನ್ನು ಬೇಕಾದರೂ ಮುಟ್ಟಬಹುದು ಅಂತ ಕೇಳಿದ್ದೀರಲ್ಲ, ಆ ಮಾತಿಗೆ ಬಲ ಬಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಮಿಲ್‌ಗ್ರಾಮ್ ನಡೆಸಿದ ಪ್ರಯೋಗದಿಂದ. 1969ರಲ್ಲಿ ಟ್ರಾವರ್ಸ್ ಎಂಬ ಸಂಶೋಧಕರ ಜೊತೆ ಅವರು ಪ್ರಕಟಿಸಿದ ಲೆಕ್ಕ ನೋಡಿ. ಬಾಸ್ಟನ್ ಕಡೆಯ ಒಬ್ಬ ಷೇರು ದಲ್ಲಾಳಿಗೆ, ಪರಿಚಯದವರ ಕೈಯಿಂದ ಕೈಗೆ, ಒಂದು ಲಕೋಟೆ ತಲುಪಿಸಿ ಅಂತ 296 ಜನರನ್ನು ಕೇಳಿಕೊಂಡರು. ತಲುಪಿದ್ದು 64. ತಲುಪಿದವು ನಡುವೆ ಸರಾಸರಿ ಐದು ಜನರನ್ನು ದಾಟಿದವು ಅನ್ನೋದನ್ನು ಎಲ್ಲರೂ ಹೇಳುತ್ತಾರೆ. ಉಳಿದವು ಯಾರದೋ ಮೇಜಿನ ಮೇಲೆ ಕೂತವು ಅನ್ನೋದನ್ನು ಯಾರೂ ಹೇಳಲ್ಲ.

ಆದ್ದರಿಂದ ಒಬ್ಬರಿಗೆ ಒಂದೇ ಹೆಸರು ಕೊಡಿ. ‘ಇವಳು ನಿಮ್ಮ ಬೀದಿಯವಳು, ಭಾನುವಾರದೊಳಗೆ ವಿಚಾರಿಸಿ ಹೇಳಿ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಾದರೂ ಹೇಳಿ.’ ಭಾನುವಾರ ಸಂಜೆ ನೀವೇ ಫೋನ್ ಮಾಡಿ. ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯಬಹುದಾದರೆ ನಾಲ್ಕೂ ಥರ ಹಾಕಿ ಹುಡುಕಿ.

ಪ್ರಶ್ನೆ: ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಬರಲ್ಲ.

ಉತ್ತರ: ಆಗಲೂ ಬೆಳಗ್ಗೆ ಎದ್ದು ನಿಂತು ‘ನಮಸ್ತೇ ಸಾರ್’ ಅಂತ ರಾಗ ಎಳೆದು ಕೂರುತ್ತಿದ್ದಿರಿ. ಆಮೇಲೆ ಏನಾದರೂ ಮಾತಾಡುತ್ತಿದ್ದಿರಾ?

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿಯಲ್ಲಿ ಫೇಲಾಗಿ ಶಾಲೆ ಬಿಟ್ಟವನು. ಮೊನ್ನೆ ನನ್ನ ಜೊತೆಯವರೆಲ್ಲ ಸೇರಿದ್ದ ಫೋಟೋ ನೋಡಿದೆ. ನನ್ನನ್ನು ಕರೆದಿರಲಿಲ್ಲ. ನಾನು ಆ ಬ್ಯಾಚಿಗೆ ಸೇರಿದವನಾ, ಅಲ್ವಾ? ಕೇಳೋಕೆ ಒಂಥರಾ ಆಗುತ್ತೆ.

ಉತ್ತರ: ಸೇರಿದವರೇ. ಅನುಮಾನ ಬೇಡ.

ಅವರು ನಿಮ್ಮನ್ನು ಬೇಕಂತ ಬಿಟ್ಟಿರಲ್ಲ. ಹೆಚ್ಚಿನ ಗುಂಪುಗಳು ಕೊನೆಯ ವರ್ಷದ ಗ್ರೂಪ್ ಫೋಟೋ ಇಟ್ಟುಕೊಂಡು ಲೆಕ್ಕ ಹಾಕುತ್ತವೆ. ಫೋಟೋ ತೆಗೆದ ದಿನ ಜ್ವರ ಬಂದು ಮಲಗಿದವರೂ ಅದರಲ್ಲಿ ಇರಲ್ಲ, ಫೋಟೋ ದುಡ್ಡು ಕೊಡಲಾಗದೆ ಅವತ್ತು ಬರದೇ ಉಳಿದವರೂ ಇರಲ್ಲ. ಫೇಲಾದವರು, ಕೆಲಸಕ್ಕೆ ಹೋದವರು, ನಡುವೆ ಮದುವೆಯಾದ ಹುಡುಗಿಯರು, ತಂದೆಗೆ ವರ್ಗವಾಗಿ ಟಿ.ಸಿ. ತಗೊಂಡವರು, ಎಲ್ಲರೂ ಹೊರಗೇ. ಆಫೀಸಿನಲ್ಲಿ ಟಿ.ಸಿ. ಬರೆಯುವಾಗ ‘ಶಾಲೆ ಬಿಡಲು ಕಾರಣ’ ಅಂತ ಒಂದು ಕಾಲಂ ಇರುತ್ತೆ. ಬೆರಳಷ್ಟು ಅಗಲದ ಜಾಗ. ಏನೇ ಆಗಿರಲಿ, ನಾವು ಬರೆಯುತ್ತಿದ್ದದ್ದು ‘ಪೋಷಕರ ಕೋರಿಕೆ ಮೇರೆಗೆ’ ಅಂತ. ಆ ಮೂರು ಪದದ ಹಿಂದೆ ಏನೇನಿತ್ತು ಅಂತ ಜೊತೆಯ ಮಕ್ಕಳಿಗೆ ಯಾರೂ ಹೇಳಲಿಲ್ಲ. ಒಂದು ದಿನ ಬೆಂಚಿನಲ್ಲಿ ಜಾಗ ಆಯಿತು, ಇನ್ನೊಬ್ಬರು ಸರಿದು ಕೂತರು, ಅಷ್ಟೇ.

ನೀವೇ ಒಬ್ಬರಿಗೆ ಬರೆಯಿರಿ. ಗುಂಪಿಗಲ್ಲ, ಒಬ್ಬರಿಗೆ. ನಿಮ್ಮ ಪಕ್ಕ ಕೂರುತ್ತಿದ್ದವರಿಗೆ. ‘ನಾನೂ ಇದ್ದೆ, ಮುಂದಿನ ಸಲ ತಿಳಿಸು’ ಅಂದರೆ ಸಾಕು. ಶಾಲೆ ಬಿಟ್ಟದ್ದು ಯಾಕೆ ಅಂತ ಅವರು ಕೇಳಿದರೆ ಹೇಳಬಹುದು, ಹೇಳದೆಯೂ ಇರಬಹುದು. ಇದನ್ನು ಓದುವ ಬ್ಯಾಚಿನವರಿಗೂ ಒಂದು ಮಾತು: ಕರೆಯೋಲೆಯಲ್ಲಿ ‘ಪಾಸಾದ ವರ್ಷ’ ಅಂತ ಬರೆಯಬೇಡಿ. ‘ಎಂಟನೇ ತರಗತಿಗೆ ಸೇರಿದ ವರ್ಷ’ ಅಂತ ಬರೆಯಿರಿ. ಎಷ್ಟು ಜನ ಹೆಚ್ಚಿಗೆ ಬರುತ್ತಾರೆ ನೋಡಿ.

ಪ್ರಶ್ನೆ: ಗ್ರೂಪ್ ಫೋಟೋದಲ್ಲಿ ಯಾರ್ಯಾರು ಅಂತ ಗುರುತಿಸೋಕೆ ಹೋದರೆ ಎಲ್ಲರೂ ಕೂಗಾಡುತ್ತಾರೆ. ಜೋರು ದನಿಯವನು ಹೇಳಿದ್ದೇ ಕೊನೆಗೆ ನಿಜ ಆಗುತ್ತೆ.

ಉತ್ತರ: ಅದಕ್ಕೇ ಗುಂಪಿನಲ್ಲಿ ಕೇಳಬಾರದು. ಫೋಟೋವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ, ಪ್ರಿಂಟ್ ತೆಗೆದು, ಪ್ರತಿ ತಲೆಗೂ ಒಂದು ನಂಬರು ಹಾಕಿ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಳಿಸಿ, ಉತ್ತರ ಬರುವವರೆಗೆ ಬೇರೆಯವರು ಏನಂದರು ಅಂತ ಹೇಳಬೇಡಿ. ಇಬ್ಬರು ಒಂದೇ ಹೆಸರು ಹೇಳಿದರೆ ಬರೆಯಿರಿ, ಇಲ್ಲದಿದ್ದರೆ ಪ್ರಶ್ನೆ ಚಿಹ್ನೆ ಇರಲಿ. ಪ್ರಶ್ನೆ ಚಿಹ್ನೆಗೆ ಅವಮಾನ ಏನಿಲ್ಲ. ಮೂಲ ಫೋಟೋದ ಹಿಂದೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಮುಂದೆ ಮುಖದ ಮೇಲೆ ಉಬ್ಬುತ್ತೆ. ಮೆತ್ತನೆ ಪೆನ್ಸಿಲ್ ಸಾಕು.

ಪ್ರಶ್ನೆ: ತೀರಿಕೊಂಡವರನ್ನು ಹೇಗೆ ನೆನೆಯುವುದು? ಸಭೆಯಲ್ಲಿ ಒಂದು ನಿಮಿಷ ಎದ್ದು ನಿಂತೆವು. ಯಾಕೋ ಸಾಲದು ಅನ್ನಿಸಿತು.

ಉತ್ತರ: ಮೊದಲು ಖಚಿತ ಮಾಡಿಕೊಳ್ಳಿ. ‘ಹೋಗಿಬಿಟ್ಟನಂತೆ’ ಅನ್ನೋ ಮಾತಿನ ಮೇಲೆ ಯಾರ ಹೆಸರಿನ ಹಿಂದೆಯೂ ದಿವಂಗತ ಅಂತ ಸೇರಿಸಬೇಡಿ. ಮನೆಯವರ ಬಾಯಿಂದ ಕೇಳಿದ ಮೇಲೆಯೇ ಬರೆಯಿರಿ.

ಆಮೇಲೆ ಒಬ್ಬೊಬ್ಬರ ಬಗ್ಗೆ ಮೂರು ನಾಲ್ಕು ಸಾಲು ಸೇರಿಸಿ. ‘ಸ್ನೇಹಜೀವಿ, ಸರಳ ವ್ಯಕ್ತಿ’ ಬೇಡ, ಅದು ಯಾರಿಗಾದರೂ ಹೊಂದುತ್ತೆ. ಎಡಗೈಯಲ್ಲಿ ಬರೆದು ಅಂಗೈಯೆಲ್ಲ ಶಾಯಿ ಮಾಡಿಕೊಳ್ಳುತ್ತಿದ್ದ. ಗಣಿತದ ಪಿರಿಯಡ್ಡಿನಲ್ಲಿ ಕಂಪಾಸ್ ಬಾಕ್ಸ್ ಕೆಳಗೆ ಬೀಳಿಸಿ ಎಲ್ಲರನ್ನೂ ಎಚ್ಚರಿಸುತ್ತಿದ್ದಳು. ಇಂಥವು ಜೊತೆಗೆ ಕೂತವರಿಗೆ ಮಾತ್ರ ಗೊತ್ತು. ಬರೆದದ್ದನ್ನು ಮನೆಯವರಿಗೆ ಕಳಿಸಿ. ಹದಿನಾಲ್ಕು ವರ್ಷದ ಅಪ್ಪನನ್ನು ಮಕ್ಕಳು ನೋಡಿರಲ್ಲ, ಹೆಂಡತಿಯೂ ನೋಡಿರಲ್ಲ.

ಪ್ರಶ್ನೆ: ಒಬ್ಬಳು ಸಿಕ್ಕಳು. ‘ದಯವಿಟ್ಟು ಮತ್ತೆ ಫೋನ್ ಮಾಡಬೇಡಿ’ ಅಂದಳು.

ಉತ್ತರ: ಮಾಡಬೇಡಿ. ನಂಬರು ಅಳಿಸಿ, ಹೆಸರು ಪಟ್ಟಿಯಲ್ಲಿ ಇರಲಿ. ‘ಯಾಕಂತೆ?’ ಅನ್ನೋ ಚರ್ಚೆ ಗ್ರೂಪಿನಲ್ಲಿ ಶುರುವಾಗೋಕೂ ಬಿಡಬೇಡಿ. ಶಾಲೆ ಎಲ್ಲರಿಗೂ ಸಿಹಿ ನೆನಪೇ ಆಗಿರಬೇಕು ಅಂತೇನಿಲ್ಲ.

ಪ್ರಶ್ನೆ: ಕೊನೆಗೂ 51 ಜನರ ಪಟ್ಟಿ ಆಯಿತು. ಇದನ್ನು ಇಂಟರ್ನೆಟ್ಟಿನಲ್ಲಿ ಹಾಕಿಟ್ಟರೆ ಶಾಶ್ವತವಾಗಿ ಇರುತ್ತೆ ಅಲ್ವಾ?

ಉತ್ತರ: ಶಾಶ್ವತ ಅನ್ನೋ ಮಾತೇ ಬೇಡ. ಹಳೆಯ ಶಾಲೆಯ ಗೆಳೆಯರನ್ನು ಸೇರಿಸೋಕೆ ಅಂತಲೇ ಬ್ರಿಟನ್ನಿನಲ್ಲಿ 2000ದಲ್ಲಿ ಫ್ರೆಂಡ್ಸ್ ರಿಯುನೈಟೆಡ್ ಎಂಬ ತಾಣ ಶುರುವಾಗಿತ್ತು. ಲಕ್ಷಾಂತರ ಜನ ಸೇರಿದ್ದರು. 2016ರಲ್ಲಿ ಮುಚ್ಚಿತು. ಫೋನೂ ಅಷ್ಟೇ, ಒಂದು ಸಲ ನೀರಿಗೆ ಬಿದ್ದರೆ ಮುಗೀತು.

ಕಾಗದದ ಮೇಲೆ ಪ್ರಿಂಟ್ ತೆಗೆಸಿ ನಾಲ್ಕೈದು ಜನರ ಮನೆಯಲ್ಲಿ ಇಡಿ. ಇಂಟರ್ನೆಟ್ಟಿನಲ್ಲಿ ಹಾಕಲೇಬೇಕಾದರೆ ಹೆಸರು ಮಾತ್ರ, ನಂಬರು ಬೇಡ. ಹೆಸರು ಹಾಕಬಹುದಾ ಅಂತಲೂ ಒಂದು ಮಾತು ಕೇಳಿಯೇ ಹಾಕಿ. ಒಂದು ಪ್ರತಿ ಶಾಲೆಯ ಆಫೀಸಿಗೂ ಕೊಟ್ಟು ಬನ್ನಿ. ನಿಮ್ಮ ಬ್ಯಾಚಿನವರು ಇನ್ನೊಬ್ಬರು ಯಾರಾದರೂ ಇದೇ ಪ್ರಶ್ನೆ ಹಿಡಿದು ಬಂದರೆ ಅಲ್ಲಿರುವ ಗುಮಾಸ್ತರಿಗೆ ಬೀರುವಿನ ಮೇಲೆ ಹತ್ತಿ ಧೂಳು ಕೊಡವುವ ಕೆಲಸವಾದರೂ ತಪ್ಪುತ್ತೆ.