ಸಂಪಾದಕರ ಉತ್ತರ: ಮದುವೆ ಪಾಠದ ಆ ಅರ್ಧ ಗಂಟೆ

ಲಿಂಗರಾಜಪುರದ ಸೋದರಿಯೊಬ್ಬರು ಎರಡು ಪುಟದ ಪತ್ರ ಬರೆದು, ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಮದುವೆಯಾಗಿ ಒಂಬತ್ತು ವರ್ಷ. ಮದುವೆಗೆ ಮುಂಚೆ ಚರ್ಚಿನಲ್ಲಿ ನಡೆಸುವ ತರಗತಿಯಲ್ಲಿ ಗಂಡ-ಹೆಂಡತಿ ಸಂಬಂಧದ ಬಗ್ಗೆ ಹೇಳಿದ್ದು ಅರ್ಧ ಗಂಟೆಯಂತೆ. ಅದರಲ್ಲೂ ಅದು ಬೇಡ, ಇದು ಬೇಡ. "ಇದು ಒಳ್ಳೆಯದು ಅಂತ ಯಾರೂ ಹೇಳಲಿಲ್ಲ. ಇವರು ಹತ್ತಿರ ಬಂದರೆ ಈಗಲೂ ತಪ್ಪು ಮಾಡ್ತಿದ್ದೀನಾ ಅನ್ನಿಸುತ್ತೆ. ಗಂಡನಿಗೆ ಇಲ್ಲ ಅನ್ನಬಾರದು ಅಂತ ದೊಡ್ಡಮ್ಮ ಹೇಳ್ತಾರೆ. ಮದುವೆಯೇ ಆಗದ ಫಾದರ್‌ಗಳಿಗೆ ನಮ್ಮ ಕಷ್ಟ ಏನು ಗೊತ್ತು ಅಂತ ಇವರು ಕೇಳ್ತಾರೆ" ಎಂದು ಬರೆದಿದ್ದಾರೆ.

ಸೋದರಿ, ನಿಮ್ಮ ಯಜಮಾನರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ರಾತ್ರಿ ಎರಡು ಗಂಟೆಗೆ ಅಳುವ ಮಗು ಎತ್ತಿಕೊಂಡು ಓಡಾಡಿದ ಅನುಭವ ಫಾದರ್‌ಗಳಿಗೆ ಇಲ್ಲ. ಒಪ್ಪಿದೆ. ಆದರೆ ಪೋಲೆಂಡಿನ ಒಬ್ಬ ಫಾದರ್ ಯುವ ಜೋಡಿಗಳ ಜೊತೆ ಬೆಟ್ಟ ಹತ್ತಿ, ದೋಣಿ ನಡೆಸಿ, ವರ್ಷಗಟ್ಟಲೆ ಅವರ ಮಾತು ಕೇಳಿಸಿಕೊಂಡರು. ಮುಂದೆ ಅವರೇ ಪೋಪ್ ಎರಡನೇ ಜಾನ್ ಪಾಲ್ ಆದರು. 1979ರಿಂದ 1984ರವರೆಗೆ, ನಡುವೆ ಬಿಡುವು ಬಿಟ್ಟು, ಬುಧವಾರದ ಸಭೆಗಳಲ್ಲಿ ಇದೇ ವಿಷಯ ಮಾತಾಡಿದರು. ನೂರಕ್ಕೂ ಜಾಸ್ತಿ ಭಾಷಣ! ದೇಹಕ್ಕೂ ಒಂದು ಭಾಷೆ ಇದೆ ಎಂದರು. ಗಂಡ-ಹೆಂಡತಿ ಕೂಡಿದಾಗ ದೇಹ 'ನಾನು ಪೂರ್ತಿ ನಿನ್ನವನು, ನಿನ್ನವಳು' ಎನ್ನುತ್ತದೆ. ಆ ಮಾತು ಸುಳ್ಳಾಗಬಾರದು, ಏನನ್ನೂ ಹಿಂದಿಟ್ಟುಕೊಳ್ಳಬಾರದು. ಧರ್ಮಸಭೆ, ಅಂದರೆ ನಮ್ಮ ಕಥೋಲಿಕ ಚರ್ಚು, ಗರ್ಭನಿರೋಧಕ ಬೇಡ ಅನ್ನುವುದು ಇದೇ ಕಾರಣಕ್ಕೆ. ನಿಮ್ಮ ತರಗತಿಯಲ್ಲಿ 'ಬೇಡ' ಮಾತ್ರ ಹೇಳಿ ಕಾರಣ ಬಿಟ್ಟರು. ಊಟ ಬಡಿಸದೆ ಎಂಜಲೆಲೆ ತೋರಿಸಿದ ಹಾಗಾಯಿತು.

ಇನ್ನು ದೊಡ್ಡಮ್ಮನ ಮಾತು. 1968ರ ಜುಲೈ 25ರಂದು ಪೋಪ್ ಆರನೇ ಪಾಲ್ ಸಹಿ ಹಾಕಿದ ಪತ್ರ ಗರ್ಭನಿರೋಧಕ ಮಾತ್ರೆ ಬೇಡ ಎಂದಿದ್ದು ಎಲ್ಲರಿಗೂ ಗೊತ್ತು. ಅದರ 13ನೇ ಭಾಗ ಯಾರ ಬಾಯಲ್ಲೂ ಇಲ್ಲ. ಸಂಗಾತಿಯ ಸ್ಥಿತಿ ನೋಡದೆ, ಇಷ್ಟ ಕೇಳದೆ ಹೇರಿದರೆ ಅದು ಪ್ರೀತಿಯೇ ಅಲ್ಲ ಎಂದು ಅಲ್ಲಿ ಬರೆದಿದೆ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಎಂದ ಸಂತ ಪೌಲರು ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೆ ಅಧಿಕಾರ ಎಂದಿದ್ದಾರೆ. ಬೈಬಲಿನಲ್ಲಿ ಅವರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯ ತೆಗೆದು ದೊಡ್ಡಮ್ಮನಿಗೆ ಓದಿ ಹೇಳಿ.

ವರ್ಷಕ್ಕೊಂದು ಮಗು ಹೆರಿ ಎಂದೂ ಪೋಪರ ಆ ಪತ್ರ ಹೇಳುವುದಿಲ್ಲ. ತಕ್ಕ ಕಾರಣ ಇದ್ದರೆ ಗರ್ಭ ನಿಲ್ಲದ ದಿನಗಳನ್ನು ನೋಡಿಕೊಳ್ಳಬಹುದು. ಮೆಲ್ಬರ್ನ್‌ನ ಡಾಕ್ಟರ್ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್, ಹೆಣ್ಣು ತನ್ನ ದೇಹದ ಗುರುತುಗಳಿಂದಲೇ ಆ ದಿನಗಳನ್ನು ತಿಳಿಯುವ ಕ್ರಮ ರೂಪಿಸಿದರು. ಸುಲಭ ಅನ್ನುವುದಿಲ್ಲ. ನೈಟ್ ಶಿಫ್ಟ್ ಮಾಡುವವರಿಗೆ ಇನ್ನೂ ಕಷ್ಟ. ಆದರೆ ಇಲ್ಲಿ ಗಂಡನೂ ಹೆಂಡತಿಯ ದಿನಗಳನ್ನು ತಿಳಿದಿರಬೇಕು, ಕಾಯಬೇಕು. ಕಾಯುವುದು ಕಲಿತ ಗಂಡಸಿನ ಕೈ ಬೇರೆಯೇ ಇರುತ್ತದೆ.

ನಮ್ಮಪ್ಪ ಲೇತ್ ಕೆಲಸದವರು. ಉಗುರಿನ ಸಂದಿಯ ಗ್ರೀಸ್ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅಮ್ಮನಿಗೆ ಟೈಫಾಯ್ಡ್ ಬಂದಾಗ ಶಿಫ್ಟ್ ಮುಗಿಸಿ ಬಂದು, ಮಂಚದ ಅಂಚಲ್ಲಿ ಕೂತು, ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ಅವಳ ಜಡೆ ಹೆಣೆಯುತ್ತಿದ್ದರು. ಮೂರು ಕಾಲು ಸಮ ಬರುತ್ತಿರಲಿಲ್ಲ. ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು. ಅಮ್ಮ ಕಣ್ಣು ಮುಚ್ಚಿಕೊಂಡು ಸುಮ್ನೆ ಕೂತಿರುತ್ತಿದ್ದಳು. ಮದುವೆ ಅಂದರೆ ಏನು ಎಂದು ನಾನು ಕಲಿತದ್ದು ಆ ಬಾಗಿಲ ಹತ್ತಿರ ನಿಂತು.

ಈಗ ನೋಡಿ. ಪ್ರೀ-ವೆಡ್ಡಿಂಗ್ ಶೂಟ್‌ಗೆ ನಂದಿಬೆಟ್ಟಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಹೊರಡುತ್ತೇವೆ. ಹಾಲ್, ಡ್ರೋನ್, ಕೇಕು ಎಂದು ಸಾಲ ಮಾಡುತ್ತೇವೆ. ತರಗತಿಗೆ ಮಾತ್ರ 'ಫಾದರ್, ಒಂದೇ ದಿನದಲ್ಲಿ ಮುಗಿಸಿ ಸರ್ಟಿಫಿಕೇಟ್ ಕೊಡಿ' ಎಂದು ಬೇಡುತ್ತೇವೆ. ಮದುವೆಯಾದ ಮೇಲೆ ಒಬ್ಬರು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ, ಇನ್ನೊಬ್ಬರು ಹೆಬ್ಬಾಳದಲ್ಲಿ. ಮನೆಗೆ ಬಂದರೆ ಇಬ್ಬರ ಕೈಯಲ್ಲೂ ಫೋನು. ಹತ್ತಿರ ಕೂರುವುದಕ್ಕೇ ಪುರುಸೊತ್ತಿಲ್ಲದ ಊರಲ್ಲಿ ಧರ್ಮಸಭೆಯೊಂದೇ ಪ್ರೀತಿಗೆ ಅಡ್ಡ ಬಂತು ಅನ್ನುವುದು ನ್ಯಾಯವಾ?

ನಿಮ್ಮನ್ನೂ ಸ್ವಲ್ಪ ಗದರಬೇಕು, ಬೇಜಾರು ಮಾಡಿಕೊಳ್ಳಬೇಡಿ. ಒಂಬತ್ತು ವರ್ಷದಲ್ಲಿ ಪರಮಗೀತೆಯನ್ನು ಒಮ್ಮೆಯೂ ತೆರೆಯಲಿಲ್ಲವಾ? ನಲ್ಲ-ನಲ್ಲೆಯ ಹಾಡು ನಮ್ಮ ಬೈಬಲಿನೊಳಗೇ ಇದೆ. ಮೊದಲ ರಾತ್ರಿ ಹಾಸಿಗೆಯಿಂದೆದ್ದು ತೊಬಿಯಾಸ ಸಾರಳ ಜೊತೆ ಮಾಡಿದ ಪ್ರಾರ್ಥನೆ ಅದೇ ಬೈಬಲಿನ ತೊಬಿತನ ಗ್ರಂಥದ 8ನೇ ಅಧ್ಯಾಯದಲ್ಲಿದೆ. ಈ ವಾರ ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂತು ಓದಿ. ನಿಮ್ಮ ಯಜಮಾನರೇ ಗಟ್ಟಿಯಾಗಿ ಓದಲಿ.

ಆಮೇಲೆ ನಿಮ್ಮ ಚರ್ಚಿನ ಫಾದರನ್ನು ಕಂಡು, ಮುಂದಿನ ಮದುವೆ ತರಗತಿಯಲ್ಲಿ ಆ ಅರ್ಧ ಗಂಟೆ ನಿಮ್ಮಿಬ್ಬರಿಗೆ ಕೊಡಿ ಎಂದು ಕೇಳಿ. ಹೇಗಾಯಿತು ಎಂದು ನನಗೆ ಬರೆಯಿರಿ.

– ಸಂ.