ಆ ಶನಿವಾರ ರಾತ್ರಿ ಸ್ವಂತ ವಿಚಾರವೇ?

ದಾವಣಗೆರೆಯ ಓದುಗರೊಬ್ಬರ ಪತ್ರ:

“ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ 1999ರ ಸೂಪರ್ ಬೌಲ್ ಬಗ್ಗೆ ಬರೆದಿದ್ದೀರಿ. ಜಾನ್ ಎಲ್ವೇ ಅಂಥ ಆಟಗಾರನ ಕೊನೆಯ ಪಂದ್ಯಕ್ಕೆ ಒಂದು ಪ್ಯಾರಾ. ಯೂಜೀನ್ ರಾಬಿನ್ಸನ್ ಎಂಬಾತ ಹಿಂದಿನ ರಾತ್ರಿ ಎಲ್ಲಿ ಸಿಕ್ಕಿಬಿದ್ದ ಅನ್ನೋದಕ್ಕೆ ಒಂದು ಪುಟ! ಮೈದಾನದಿಂದ ಹೊರಬಂದ ಮೇಲೆ ಆಟಗಾರ ಏನು ಮಾಡಿದರೂ ಅದು ಅವನ ಸ್ವಂತ ವಿಚಾರ. 2019ರಲ್ಲಿ ನಮ್ಮ ಕೆ.ಎಲ್. ರಾಹುಲ್‌ಗೂ ಪತ್ರಿಕೆಯವರೆಲ್ಲ ಸೇರಿ ಹೀಗೇ ಮಾಡಿದಿರಿ. ಆಟ ಬರೆಯಿರಿ, ಚಾಡಿ ಬೇಡ. — ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು.”

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಪತ್ರ ಖಾರವಾಗಿದೆ, ಚೆನ್ನಾಗಿದೆ. ಚಾಡಿ ಬೇಡ ಅನ್ನೋದಕ್ಕೆ ನನ್ನದೂ ಒಂದು ವೋಟು. ಆದರೆ ‘ಸ್ವಂತ ವಿಚಾರ’ ಅನ್ನುವುದನ್ನು ಒಪ್ಪಲಾರೆ. ಕಳೆದ ಸಂಚಿಕೆ ಓದದವರಿಗಾಗಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

1999ರ ಜನವರಿ 30, ಶನಿವಾರ. ಊರು ಮಯಾಮಿ. ಮರುದಿನ ಅಮೆರಿಕನ್ ಫುಟ್‌ಬಾಲ್‌ನ ಫೈನಲ್, ಅಂದರೆ ಸೂಪರ್ ಬೌಲ್. ಅಟ್ಲಾಂಟಾ ಫಾಲ್ಕನ್ಸ್ ತಂಡ ಆಡಲು ಶುರು ಮಾಡಿದ್ದು 1966ರಲ್ಲಿ. ಫೈನಲ್‌ಗೆ ಬಂದದ್ದು ಅದೇ ಮೊದಲ ಸಲ. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಡೆನ್ವರ್ ಬ್ರಾಂಕೋಸ್, ಎಲ್ವೇ ಅವರ ತಂಡ. ಫಾಲ್ಕನ್ಸ್‌ನ ಹಿರಿಯ ಆಟಗಾರ ರಾಬಿನ್ಸನ್‌ಗೆ ಆವತ್ತು ಬೆಳಿಗ್ಗೆ ಬಾರ್ಟ್ ಸ್ಟಾರ್ ಪ್ರಶಸ್ತಿ ಬಂತು. ಅದನ್ನು ಕೊಡುವುದು ಆಟ ನೋಡಿ ಅಲ್ಲ, ನಡತೆ ನೋಡಿ. ಅದೇ ರಾತ್ರಿ, ಮಫ್ತಿಯಲ್ಲಿದ್ದ ಮಹಿಳಾ ಪೊಲೀಸ್ ಒಬ್ಬರಿಗೆ 40 ಡಾಲರ್ ಕೊಡುತ್ತೇನೆಂದು ಹೇಳಿ ಲೈಂಗಿಕ ಸೇವೆ ಕೇಳಿದರು ಎಂಬ ಆರೋಪದ ಮೇಲೆ ಅವರ ಬಂಧನವಾಯಿತು. ಕೆಲವು ಗಂಟೆಗಳಲ್ಲಿ ಬಿಟ್ಟರು. ಭಾನುವಾರ ಮೈದಾನಕ್ಕಿಳಿದರು. ತಂಡ 34-19ರಲ್ಲಿ ಸೋತಿತು.

ಇದೇ ಪ್ರಕರಣ ಯಾವುದೋ ಜೂನ್ ತಿಂಗಳಲ್ಲಿ, ಆಟವೇ ಇಲ್ಲದ ಕಾಲದಲ್ಲಿ ನಡೆದಿದ್ದರೆ ನಿಮ್ಮ ಮಾತನ್ನು ಅರ್ಧಕ್ಕಿಂತ ಜಾಸ್ತಿ ಒಪ್ಪುತ್ತಿದ್ದೆ. ಪೊಲೀಸರು, ನ್ಯಾಯಾಲಯ, ಅವರ ಮನೆಯವರು ನೋಡಿಕೊಳ್ಳುತ್ತಿದ್ದರು. ನಾವು ನಾಲ್ಕು ಸಾಲು ಹಾಕಿ ಮುಂದೆ ಹೋಗುತ್ತಿದ್ದೆವು. ಆದರೆ ಇದು ಫೈನಲ್‌ನ ಹಿಂದಿನ ರಾತ್ರಿ. ತಂಡದ ಕೆಲವರು ರಾಬಿನ್ಸನ್ ಜೊತೆ ತಡರಾತ್ರಿವರೆಗೆ ಎಚ್ಚರವಿದ್ದರು. ಸಮಾಧಾನ ಹೇಳುವವರು ಯಾರಾದರೂ ಬೇಕಲ್ಲ. ಮರುದಿನ ಎಲ್ವೇಯನ್ನು ಹೇಗೆ ತಡೆಯೋಣ ಎಂದು ಯೋಚಿಸಬೇಕಾದ ಕೋಚ್, ಇವರನ್ನು ಆಡಿಸಬೇಕೋ ಬೇಡವೋ ಎಂದು ಯೋಚಿಸಬೇಕಾಯಿತು.

ರಾಬಿನ್ಸನ್ ಆಡುತ್ತಿದ್ದ ಜಾಗವನ್ನೂ ನೋಡಿ. ಅದರ ಹೆಸರು ಸೇಫ್ಟಿ. ಸೇಫ್ಟಿ ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ ಕಾವಲುಗಾರ. ಅವನನ್ನೂ ದಾಟಿ ಚೆಂಡು ಹೋದರೆ ಮುಂದೆ ಖಾಲಿ ಮೈದಾನ. ಎರಡನೇ ಕ್ವಾರ್ಟರ್‌ನಲ್ಲಿ ಆದದ್ದು ಅದೇ. ಎಲ್ವೇ ಎಸೆದ ಚೆಂಡನ್ನು ರಾಡ್ ಸ್ಮಿತ್ ರಾಬಿನ್ಸನ್‌ರ ಹಿಂದೆ ಹಿಡಿದರು, ಸೀದಾ ಓಡಿದರು. 80 ಗಜದ ಟಚ್‌ಡೌನ್, ಅಂದರೆ ಚೆಂಡಿನ ಜೊತೆ ಎದುರಾಳಿಯ ಕೊನೆಯ ಗೆರೆ ದಾಟಿಬಿಡುವುದು. ಡೆನ್ವರ್ ಮುನ್ನಡೆ 10-3 ಇದ್ದದ್ದು 17-3 ಆಯಿತು.

ಹಾಗಂತ ಸೋಲನ್ನು ಅವರೊಬ್ಬರ ತಲೆಗೆ ಕಟ್ಟುವವರ ಜೊತೆ ನಾನು ಸೇರುವುದಿಲ್ಲ. ಆ ಟಚ್‌ಡೌನ್‌ಗೆ ಸ್ವಲ್ಪ ಮೊದಲು ಫಾಲ್ಕನ್ಸ್‌ನ ಮಾರ್ಟನ್ ಆಂಡರ್ಸನ್ 26 ಗಜದಿಂದ ಒದ್ದ ಕಿಕ್ ಗುರಿ ತಪ್ಪಿತ್ತು. ಅವರ ಮಟ್ಟದವರಿಗೆ ಅದು ಕಣ್ಣುಮುಚ್ಚಿ ಹೊಡೆಯುವ ದೂರ. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಕ್ರಿಸ್ ಚಾಂಡ್ಲರ್, ಮೂರು ಸಲ ಚೆಂಡನ್ನು ಎದುರಾಳಿಗಳ ಕೈಗೇ ಎಸೆದರು. ಎಲ್ವೇ 336 ಗಜ ಪಾಸ್ ಮಾಡಿದರು, ಪಂದ್ಯಶ್ರೇಷ್ಠರಾದರು. ರಾಬಿನ್ಸನ್ ಹತ್ತು ಗಂಟೆ ನಿದ್ದೆ ಮಾಡಿ ಬಂದಿದ್ದರೂ ಡೆನ್ವರ್ ಗೆಲ್ಲುತ್ತಿತ್ತು ಅಂತಲೇ ನನ್ನ ಅಂದಾಜು.

ಹಾಗಾದರೆ ಪುಟ ಯಾಕೆ ಕೊಟ್ಟಿರಿ ಅನ್ನುತ್ತೀರಿ. ನೀವು ಅದನ್ನು ರಾಬಿನ್ಸನ್ ಪುಟ ಎಂದು ಓದಿದ್ದೀರಿ. ನನಗೆ ಅದು ಕೋಚ್ ಡ್ಯಾನ್ ರೀವ್ಸ್ ಅವರ ಪುಟ. ಪಂದ್ಯಕ್ಕೆ ಏಳು ವಾರ ಮೊದಲು, ಡಿಸೆಂಬರ್‌ನಲ್ಲಿ, ಅವರಿಗೆ ಹೃದಯದ ಬೈಪಾಸ್ ಆಗಿತ್ತು. ನಾಲ್ಕು ಕಡೆ. ಮನೆಯಲ್ಲಿ ಮಲಗಬೇಕಾದವರು ಪ್ಲೇಆಫ್ ಹೊತ್ತಿಗೆ ಮೈದಾನದ ಅಂಚಿನಲ್ಲಿ ನಿಂತಿದ್ದರು. ಇದಕ್ಕಿಂತ ದೊಡ್ಡ ಕಥೆ ಇನ್ನೊಂದಿದೆ. ಇದೇ ರೀವ್ಸ್ ಹಿಂದೆ ಡೆನ್ವರ್ ಕೋಚ್ ಆಗಿದ್ದವರು, ಹನ್ನೆರಡು ವರ್ಷ. ಎಲ್ವೇಯನ್ನು ಇಟ್ಟುಕೊಂಡು ಮೂರು ಸೂಪರ್ ಬೌಲ್‌ಗೆ ಹೋಗಿ ಮೂರನ್ನೂ ಸೋತಿದ್ದರು. ಕೊನೆಕೊನೆಗೆ ಇಬ್ಬರಿಗೂ ಆಗಿಬರುತ್ತಿರಲಿಲ್ಲ. 1999ರಲ್ಲಿ ಡೆನ್ವರ್ ಕೋಚ್ ಆಗಿದ್ದ ಮೈಕ್ ಶಾನಹನ್ ಒಂದು ಕಾಲಕ್ಕೆ ರೀವ್ಸ್ ಕೈಕೆಳಗೇ ಇದ್ದವರು. ರೀವ್ಸ್ ಅವರೇ ಅವರನ್ನು ಕೆಲಸದಿಂದ ತೆಗೆದಿದ್ದರು. ಹಳೆಯ ಗುರು, ಹಳೆಯ ಶಿಷ್ಯರು, ಹಳೆಯ ಸಿಟ್ಟು. ಇಂಥ ಫೈನಲ್ ಎಷ್ಟು ವರ್ಷಕ್ಕೊಮ್ಮೆ ಸಿಗುತ್ತದೆ ಹೇಳಿ! ಇದೆಲ್ಲ ಒಂದೇ ರಾತ್ರಿಯಲ್ಲಿ ಸುದ್ದಿಯಿಂದ ಮಾಯವಾಯಿತು. ರಾಬಿನ್ಸನ್ ಕಳೆದದ್ದು ತಮ್ಮ ಮರ್ಯಾದೆ ಮಾತ್ರ ಅಲ್ಲ. ಬೇರೆಯವರ ಪಾಲಿನ ದಿನವನ್ನೂ ಕಳೆದರು. ಸ್ವಂತ ವಿಚಾರ ಅನ್ನಲು ನನಗೆ ಬಾಯಿ ಬಾರದಿರುವುದು ಅದಕ್ಕೇ.

ಪ್ರಶಸ್ತಿಯ ವಿಷಯಕ್ಕೆ ಬಂದರೆ, ಒಂದು ಮಾತು ಇಷ್ಟು ದಿನ ಗಂಟಲಲ್ಲೇ ಇತ್ತು. ಒಬ್ಬ ಮನುಷ್ಯನಿಗೆ ‘ನೀನು ಒಳ್ಳೆಯವನು’ ಅಂತ ಫಲಕ ಕೊಡುವುದೇ ಅಪಾಯದ ಕೆಲಸ. ಫೈನಲ್‌ನ ಹಿಂದಿನ ದಿನ ಕೊಡುವುದಂತೂ ಇನ್ನೂ ಅಪಾಯ. ಫಲಕ ಇಲ್ಲದಿದ್ದರೆ ಸುದ್ದಿಯ ಗಾತ್ರ ಅರ್ಧ ಇರುತ್ತಿತ್ತು. ರಾಬಿನ್ಸನ್ ಅದನ್ನು ವಾಪಸ್ ಕೊಟ್ಟರು, ತಪ್ಪಾಯಿತು ಅಂದರು. ಅವರ ಮೇಲಿನ ಆರೋಪವನ್ನೂ ಮುಂದೆ ಕೈಬಿಡಲಾಯಿತು. ಇದನ್ನೂ ನಾವು ಬರೆದಿದ್ದೆವು. ಅವರ ಹೆಂಡತಿ ಮಕ್ಕಳ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಬರೆದಿದ್ದರೆ ಅದು ನೀವು ಹೇಳುವ ಚಾಡಿ.

ಅದೇ ಕ್ರೀಡಾಂಗಣದಲ್ಲಿ ಹತ್ತು ವರ್ಷ ಮೊದಲು, 1989ರಲ್ಲಿ, ಸಿನ್ಸಿನಾಟಿ ಬೆಂಗಾಲ್ಸ್ ತಂಡಕ್ಕೂ ಇಂಥದೇ ರಾತ್ರಿ ಬಂದಿತ್ತು. ಸ್ಟ್ಯಾನ್ಲಿ ವಿಲ್ಸನ್ ಎಂಬ ಆಟಗಾರ ಫೈನಲ್‌ನ ಹಿಂದಿನ ರಾತ್ರಿ ಹೋಟೆಲ್ ಕೋಣೆಯಲ್ಲಿ ಕೊಕೇನ್ ಸಮೇತ ಸಿಕ್ಕಿಬಿದ್ದರು. ಕೋಚ್ ಸ್ಯಾಮ್ ವೈಚ್ ಆಡಿಸಲಿಲ್ಲ. ತಂಡ 20-16ರಲ್ಲಿ ಸೋತಿತು, ಅದೂ ಕೊನೆಯ 34 ಸೆಕೆಂಡ್ ಇರುವಾಗ ಬಿದ್ದ ಟಚ್‌ಡೌನ್‌ನಿಂದ. ವೈಚ್ ಆಟಗಾರನನ್ನು ಬಿಟ್ಟರು, ಸೋತರು. ರೀವ್ಸ್ ಆಡಿಸಿದರು, ಸೋತರು. ಯಾವುದು ಸರಿ ಎಂದು ಸ್ಕೋರ್ ನೋಡಿ ಹೇಳಲಾಗುವುದಿಲ್ಲ.

2003ರ ಫೈನಲ್‌ಗೆ ಮೊದಲು ಕಾಣೆಯಾದ ಓಕ್ಲೆಂಡ್‌ನ ಬ್ಯಾರೆಟ್ ರಾಬಿನ್ಸ್ ಅವರನ್ನೂ ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಅವರಿಗಿದ್ದದ್ದು ಬೈಪೋಲಾರ್ ಕಾಯಿಲೆ. ಅದು ದುರ್ನಡತೆ ಅಲ್ಲ. ನಾವು ಸೇರಿಸುವುದಿಲ್ಲ.

ಇನ್ನು ನಮ್ಮ ರಾಹುಲ್. ಅವರು ಹಾರ್ದಿಕ್ ಪಾಂಡ್ಯ ಜೊತೆ ಸೋಫಾದಲ್ಲಿ ಕೂತು ಹರಟಿದ ‘ಕಾಫಿ ವಿತ್ ಕರಣ್’ ಎಂಬ ಟಿವಿ ಕಾರ್ಯಕ್ರಮ ಪ್ರಸಾರವಾದದ್ದು 2019ರ ಜನವರಿ 6ಕ್ಕೆ. ಹೆಂಗಸರ ಬಗ್ಗೆ ಜಾಸ್ತಿ ನಾಲಿಗೆ ಹರಿಬಿಟ್ಟವರು ಪಾಂಡ್ಯ, ನಿಜ. ಆದರೆ ಕ್ಯಾಮೆರಾ ಮುಂದೆ ಕೂತು ದೇಶಕ್ಕೆಲ್ಲ ಕೇಳಿಸುವಂತೆ ಆಡಿದ ಮಾತು ಸ್ವಂತ ವಿಚಾರ ಹೇಗಾಗುತ್ತದೆ, ಮೇಷ್ಟ್ರೇ? ಮರುದಿನ ಸಿಡ್ನಿ ಟೆಸ್ಟ್ ಡ್ರಾ ಆಗಿ ಭಾರತ ಆಸ್ಟ್ರೇಲಿಯಾ ನೆಲದಲ್ಲಿ ಮೊದಲ ಸಲ ಟೆಸ್ಟ್ ಸರಣಿ ಗೆದ್ದಿತು. ಮೊದಲ ಪ್ರವಾಸ 1947ರಲ್ಲಿ, ಗೆಲುವು 2019ರಲ್ಲಿ. ಚೇತೇಶ್ವರ ಪೂಜಾರ ಆ ಸರಣಿಯಲ್ಲಿ ಮೂರು ಶತಕ, 521 ರನ್ ಹೊಡೆದಿದ್ದರು. ನಮ್ಮ ಮಯಂಕ್ ಅಗರವಾಲ್ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಆಡಿ 76 ಗಳಿಸಿದ್ದರು. ವಾರ ಮುಗಿಯುವ ಹೊತ್ತಿಗೆ ಜನರ ಬಾಯಲ್ಲಿ ಇದ್ಯಾವುದೂ ಇರಲಿಲ್ಲ. ಬರೀ ಆ ಸೋಫಾದ ಮಾತು. 11ರಂದು ಇಬ್ಬರನ್ನೂ ಅಮಾನತು ಮಾಡಿದರು, 12ರ ಏಕದಿನ ಪಂದ್ಯ ತಪ್ಪಿತು. ಏಪ್ರಿಲ್‌ನಲ್ಲಿ ತಲಾ 20 ಲಕ್ಷ ದಂಡ ಹಾಕಿದರು. ಅಲ್ಲಿಗೆ ಮುಗಿಯಿತು. ಅದೇ ವರ್ಷ ವಿಶ್ವಕಪ್‌ನಲ್ಲಿ ರಾಹುಲ್ ಶ್ರೀಲಂಕಾ ವಿರುದ್ಧ 111 ಹೊಡೆದಾಗ ಕೆಲವರು ಮತ್ತೆ ಆ ಕಾರ್ಯಕ್ರಮದ ಫೋಟೊ ಹಂಚಿಕೊಂಡು ನಗಾಡಿದ್ದು ನನಗೆ ಹಿಡಿಸಲಿಲ್ಲ. ಆ ಸಿಟ್ಟು ನಿಮಗೂ ಇದ್ದರೆ ನಾವಿಬ್ಬರೂ ಒಂದೇ ಕಡೆ.

ಕೊನೆಗೆ ನಿಮಗೊಂದು ಪ್ರಶ್ನೆ. ರೀವ್ಸ್ ಜಾಗದಲ್ಲಿ ನಾನಿದ್ದಿದ್ದರೆ ರಾಬಿನ್ಸನ್‌ರನ್ನು ಬೆಂಚಿನಲ್ಲಿ ಕೂರಿಸುತ್ತಿದ್ದೆ. ಶಿಕ್ಷೆ ಅಂತಲ್ಲ. 35 ವರ್ಷದ ಮನುಷ್ಯ, ನಿದ್ದೆಯಿಲ್ಲ, ತಲೆಯಲ್ಲಿ ನೂರು ಯೋಚನೆ, ನಿಲ್ಲುವುದು ಕೊನೆಯ ಕಾವಲಿನಲ್ಲಿ. ಆದರೆ ನಾನು ಕುರ್ಚಿಯಲ್ಲಿ ಕೂತು ಬರೆಯುವವನು. ನೀವು ವರ್ಷಗಟ್ಟಲೆ ಶಾಲೆಯ ತಂಡ ಕಟ್ಟಿ ತಾಲ್ಲೂಕು, ಜಿಲ್ಲೆ ಅಂತ ಓಡಾಡಿದವರು. ಫೈನಲ್ ದಿನ ಬೆಳಿಗ್ಗೆ ನಿಮ್ಮ ಅತ್ಯುತ್ತಮ ಹುಡುಗ ಹೀಗೆ ಬಂದು ನಿಂತಿದ್ದರೆ ಹೆಸರು ಕೊಡುತ್ತಿದ್ದಿರೋ, ಬಿಡುತ್ತಿದ್ದಿರೋ? ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂ.